ರೋಮ್‌ಗೆ ಹಡಗು ಹೋಗುವುದಿಲ್ಲ

ಪ್ರಶ್ನೆ: ಬರುವ ಮೇ ತಿಂಗಳಲ್ಲಿ ಅಪ್ಪ, ಅಮ್ಮನನ್ನು ಕರೆದುಕೊಂಡು ಏಳು ರಾತ್ರಿಯ ಮೆಡಿಟರೇನಿಯನ್ ಕ್ರೂಸ್ ಹೋಗಬೇಕೆಂದಿದ್ದೇವೆ. ಎರಡು ಪ್ಯಾಕೇಜ್ ನೋಡಿಟ್ಟಿದ್ದೇನೆ. ಒಂದರಲ್ಲಿ ಬಾರ್ಸಿಲೋನಾ, ಪ್ರೊವೆನ್ಸ್, ಫ್ಲಾರೆನ್ಸ್, ರೋಮ್ ಇವೆ. ಇನ್ನೊಂದರಲ್ಲಿ ಜಿನೋವಾ, ನೇಪಲ್ಸ್, ಮೆಸ್ಸಿನಾ, ವ್ಯಾಲೆಟ್ಟಾ, ಬಾರ್ಸಿಲೋನಾ, ಮಾರ್ಸೇಲ್ಸ್ ಇವೆ. ದರ ಹೆಚ್ಚುಕಮ್ಮಿ ಒಂದೇ. ಮನೆಯಲ್ಲಿ ಎಲ್ಲರೂ ರೋಮ್ ಇರುವುದನ್ನೇ ತಗೋ ಅಂತಿದ್ದಾರೆ. ಅಪ್ಪನಿಗೆ 70, ಅಮ್ಮನಿಗೆ 66. ಅಮ್ಮನಿಗೆ ಮೊಣಕಾಲು ನೋವಿದೆ. ನಾವು ಮೊಟ್ಟೆ ಕೂಡ ತಿನ್ನುವುದಿಲ್ಲ. ಸಣ್ಣ ಎಲೆಕ್ಟ್ರಿಕ್ ಕುಕ್ಕರ್ ಒಯ್ಯಬಹುದೇ? ವೀಸಾ ಯಾವ ದೇಶದ್ದು ಮಾಡಿಸಬೇಕು? (ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ಮನೆಯವರ ಮಾತು ಕೇಳಬೇಡಿ. ಎರಡನೆಯದನ್ನು ತಗೊಳ್ಳಿ.

ಯಾಕೆ ಅಂದರೆ ರೋಮ್‌ಗೆ ಹಡಗು ಹೋಗುವುದಿಲ್ಲ. ಫ್ಲಾರೆನ್ಸ್‌ಗೂ ಹೋಗುವುದಿಲ್ಲ. ಪ್ಯಾಕೇಜಿನ ಹಾಳೆಯಲ್ಲಿ 'ರೋಮ್' ಎಂದು ದಪ್ಪಕ್ಷರದಲ್ಲಿ ಬರೆದು, ಪಕ್ಕದಲ್ಲಿ ಚಿಕ್ಕದಾಗಿ ಚಿವಿತಾವೆಕ್ಕಿಯಾ ಎಂದು ಬರೆದಿರುತ್ತಾರೆ. ಹಡಗು ನಿಲ್ಲುವುದು ಆ ಚಿಕ್ಕಕ್ಷರದ ಊರಲ್ಲಿ. ಅದು ರೋಮ್‌ನಿಂದ ಎಪ್ಪತ್ತು ಎಂಬತ್ತು ಕಿಲೋಮೀಟರ್ ದೂರ. ಫ್ಲಾರೆನ್ಸ್ ಅಂತ ಹೇಳಿ ನಿಮ್ಮನ್ನು ಇಳಿಸುವುದು ಲಿವೋರ್ನೋದಲ್ಲಿ. ಅಲ್ಲಿಂದ ಫ್ಲಾರೆನ್ಸ್‌ಗೆ ಸುಮಾರು ತೊಂಬತ್ತು ಕಿಲೋಮೀಟರ್. ಹುಬ್ಬಳ್ಳಿಯಲ್ಲಿ ಇಳಿಸಿ 'ಇದೇ ಬೆಳಗಾವಿ' ಅಂದ ಹಾಗೆ. ಇನ್ನು 'ಪ್ರೊವೆನ್ಸ್' ಅನ್ನುವುದು ಊರೇ ಅಲ್ಲ, ಅದೊಂದು ಸೀಮೆ. ಹಡಗು ನಿಲ್ಲುವುದು ಹೆಚ್ಚಾಗಿ ಮಾರ್ಸೇಲ್ಸ್‌ನಲ್ಲೇ. ಅಂದರೆ ನಿಮ್ಮ ಎರಡೂ ಪ್ಯಾಕೇಜಿನಲ್ಲಿ ಅದು ಒಂದೇ ನಿಲ್ದಾಣ ಇರಬಹುದು!

ವೆನಿಸ್‌ನದೂ ಇದೇ ಕಥೆ. 2021ರ ಆಗಸ್ಟ್ 1ರಿಂದ 25,000 ಟನ್‌ಗಿಂತ ದೊಡ್ಡ ಹಡಗುಗಳು ವೆನಿಸ್ ನಗರದ ಮುಂದಿನ ಕಾಲುವೆಯಲ್ಲಿ ಬರುವಂತಿಲ್ಲ. ಈಗ 'ವೆನಿಸ್' ಎಂದು ಬರೆದ ಹಲವು ಹಡಗುಗಳು ರಾವೆನ್ನಾ ಅಥವಾ ತ್ರಿಯೆಸ್ತೆಯಲ್ಲಿ ನಿಲ್ಲುತ್ತವೆ. ಎರಡೂ ಕಡೆಯಿಂದ ವೆನಿಸ್‌ಗೆ ಎರಡು ಗಂಟೆಯಾದರೂ ಬೇಕು.

ನಮ್ಮ ಕಡೆಯದೇ ಉದಾಹರಣೆ ನೋಡಿ. ಮಂಗಳೂರಿನ ಪಣಂಬೂರಿಗೆ ಪ್ರತಿವರ್ಷ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಬೆಳಿಗ್ಗೆ ಇಳಿದವರು ಮೂಡಬಿದಿರೆಯ ಸಾವಿರ ಕಂಬದ ಬಸದಿ ನೋಡಿ, ಕುದ್ರೋಳಿ ದೇವಸ್ಥಾನಕ್ಕೆ ಹೋಗಿ, ಸಂಜೆ ಹಡಗು ಹತ್ತುತ್ತಾರೆ. ಅವರ ದಿನ ಚೆನ್ನಾಗಿಯೇ ಕಳೆಯುತ್ತದೆ. ಅದೇ ಹಾಳೆಯಲ್ಲಿ 'ಹಂಪಿ' ಅಂತ ಬರೆದಿದ್ದರೆ ಏನು ಗತಿ ಆಗ್ತಿತ್ತು ಯೋಚಿಸಿ. ಕ್ರೂಸ್ ಅಂದರೆ ಹಡಗು ಕಟ್ಟಿದ ಜಾಗದ ಸುತ್ತಮುತ್ತ ನೋಡುವ ಪ್ರವಾಸ ಅಂತಲೇ ತಿಳಿದುಕೊಳ್ಳಿ. ಹಾಗೆ ಅಂದುಕೊಂಡು ಬಂದರು ಆರಿಸಿದರೆ ಸಂತೋಷ ಜಾಸ್ತಿ, ಓಡಾಟ ಕಮ್ಮಿ.

ಇದು ನಾನು ಪೆಟ್ಟು ತಿಂದು ಕಲಿತ ಪಾಠ. ಕೆಲವು ವರ್ಷಗಳ ಹಿಂದೆ ಹದಿನೆಂಟು ಜನರ ಗುಂಪೊಂದನ್ನು ಕರೆದುಕೊಂಡು ಹೋಗಿದ್ದೆ. ಚಿವಿತಾವೆಕ್ಕಿಯಾದಲ್ಲಿ ಹಡಗು ಬೆಳಿಗ್ಗೆ ಏಳಕ್ಕೆ ಬಂದು ಸಂಜೆ ಏಳಕ್ಕೆ ಹೊರಡುವುದಿತ್ತು. ಹನ್ನೆರಡು ಗಂಟೆ ಸಿಗುತ್ತದೆ ಅಂತ ನಾನು ಲೆಕ್ಕ ಹಾಕಿದ್ದೆ. ತಿಂಡಿ ತಿಂದು ಹಡಗಿನಿಂದ ಇಳಿಯುವಾಗ ಎಂಟೂವರೆ. ಬಂದರಿನ ಬಸ್ಸು ಹಿಡಿದು ಗೇಟಿಗೆ ಬಂದು, ಅಲ್ಲಿಂದ ರೈಲ್ವೆ ನಿಲ್ದಾಣ ಮುಟ್ಟಿ, ಟಿಕೆಟ್ ತೆಗೆದು ರೈಲು ಹತ್ತುವಾಗ ಒಂಬತ್ತೂಮುಕ್ಕಾಲು. ರೋಮ್ ತಲುಪಿದ್ದು ಹನ್ನೊಂದಕ್ಕೆ. ಸಂಜೆ ಆರಕ್ಕೆಲ್ಲ ಹಡಗಿನಲ್ಲಿರಬೇಕು, ದಾರಿಯಲ್ಲಿ ಹೆಚ್ಚುಕಮ್ಮಿ ಆದರೆ ಅಂತ ಮೂರು ಗಂಟೆಗೇ ಹಿಂದಿರುಗುವ ರೈಲು ಹಿಡಿದೆವು. ಹನ್ನೆರಡರಲ್ಲಿ ಉಳಿದದ್ದು ನಾಲ್ಕು. ಕೊಲೋಸಿಯಮ್ ಅನ್ನು ರಸ್ತೆಯ ಈಚೆ ನಿಂತು ನೋಡಿದೆವು. ಹಿರಿಯರೊಬ್ಬರು ರೈಲಿನಲ್ಲಿ ಬಾಳೆಹಣ್ಣು ಸುಲಿಯುತ್ತಾ, "ನೋಡಿದ್ದು ಹೌದು, ಆದ್ರೆ ನೋಡಿದ ಹಾಗಾಗ್ಲಿಲ್ಲ" ಅಂದರು. ತಪ್ಪು ನನ್ನದೇ.

ರೋಮ್ ಬೇಕೇ ಬೇಕು ಅನ್ನಿಸಿದರೆ ಕ್ರೂಸ್ ಮುಗಿದ ಮೇಲೆ ರೈಲಿನಲ್ಲಿ ಹೋಗಿ ಮೂರು ದಿನ ಇರಿ. ಆ ಊರಿಗೆ ಅಷ್ಟಾದರೂ ಬೇಕು. ಇಷ್ಟು ಹೇಳಿದ ಮೇಲೂ ಮೊದಲನೆಯದನ್ನೇ ತಗೊಂಡರೆ ಒಂದು ಉಪಾಯವಿದೆ. ರೋಮ್‌ನ ದೊಡ್ಡ ನಿಲ್ದಾಣದವರೆಗೆ ಹೋಗಬೇಡಿ. ಅದಕ್ಕೂ ಮುಂಚೆ ಸಿಗುವ ಸಾನ್ ಪಿಯೆತ್ರೋ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ವ್ಯಾಟಿಕನ್‌ನ ದೊಡ್ಡ ಚೌಕ ನಡೆದೇ ಹೋಗುವಷ್ಟು ಹತ್ತಿರ. ಅದೊಂದನ್ನೇ ನೋಡಿ ವಾಪಸ್ ಬನ್ನಿ. ಲಿವೋರ್ನೋದಲ್ಲಾದರೆ ಫ್ಲಾರೆನ್ಸ್ ಬಿಟ್ಟು ಪೀಸಾಕ್ಕೆ ಹೋಗಿ. ರೈಲಿನಲ್ಲಿ ಇಪ್ಪತ್ತು ನಿಮಿಷದೊಳಗಿನ ದಾರಿ.

ಈಗ ಎರಡನೆಯ ಪ್ಯಾಕೇಜಿಗೆ ಬರೋಣ.

ಜಿನೋವಾದಲ್ಲೇ ಹಡಗು ಹತ್ತಿ, ಮತ್ತು ಒಂದು ದಿನ ಮೊದಲೇ ಅಲ್ಲಿ ಹೋಗಿ ಉಳಿಯಿರಿ. ವಿಮಾನ ತಡವಾದರೆ ಹಡಗು ನಿಮಗಾಗಿ ಕಾಯುವುದಿಲ್ಲ. ಮಿಲಾನ್‌ವರೆಗೆ ವಿಮಾನ, ಅಲ್ಲಿಂದ ಜಿನೋವಾಕ್ಕೆ ರೈಲು. ಪಿಯಾತ್ಸಾ ಪ್ರಿಂಚಿಪೆ ಎಂಬ ನಿಲ್ದಾಣದಿಂದ ಹಡಗುಕಟ್ಟೆಗೆ ಹತ್ತು ನಿಮಿಷದ ನಡಿಗೆ. ಪೆಟ್ಟಿಗೆ ಇದ್ದರೆ ಟ್ಯಾಕ್ಸಿ. ಜನ ಈ ಊರನ್ನು ಬರೀ ಹಡಗು ಹತ್ತುವ ಜಾಗ ಅಂತ ಬಿಟ್ಟುಬಿಡುತ್ತಾರೆ, ಅದು ದೊಡ್ಡ ತಪ್ಪು. ಗಾರಿಬಾಲ್ಡಿ ಬೀದಿಯ ಉದ್ದಕ್ಕೂ ಹಳೆಯ ಸಾಹುಕಾರರ ಅರಮನೆಗಳಿವೆ. 2006ರಲ್ಲಿ ಅವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಬೀದಿ ಸಮತಟ್ಟಾಗಿದೆ, ಅಮ್ಮನಿಗೆ ಕಷ್ಟವಾಗದು. ಬಂದರಿನ ಬಾಯಲ್ಲಿ 1543ರಲ್ಲಿ ಕಟ್ಟಿದ ದೀಪಸ್ತಂಭ ಇವತ್ತಿಗೂ ಉರಿಯುತ್ತದೆ. ಹಡಗು ಹೊರಡುವಾಗ ಮೇಲಿನ ಡೆಕ್‌ನಲ್ಲಿ ನಿಂತರೆ ಅದು ಎದುರಿಗೇ ಕಾಣುತ್ತದೆ.

ಇಲ್ಲೇ ನಿಮ್ಮ ಊಟದ ಪ್ರಶ್ನೆಗೂ ಅರ್ಧ ಉತ್ತರ ಸಿಗುತ್ತದೆ. ಜಿನೋವಾದ ಬಂದರಿನ ಎದುರು ಸೊತ್ತೊರೀಪಾ ಎಂಬ ಕಮಾನು ಕಟ್ಟೆಯ ಬೀದಿ ಇದೆ. ಅಲ್ಲಿ ಸೌದೆ ಒಲೆಯಲ್ಲಿ 'ಫರಿನಾತಾ' ಬೇಯಿಸುತ್ತಾರೆ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಇಷ್ಟೇ. ದೊಡ್ಡ ತಾಮ್ರದ ತಟ್ಟೆಯಲ್ಲಿ ಹುಯ್ದು, ಬೆಂದ ಮೇಲೆ ತುಂಡು ಮಾಡಿ ಕೊಡುತ್ತಾರೆ. ಮೇಲೆ ಗರಿ, ಒಳಗೆ ಮೆತ್ತಗೆ. ನಿಮ್ಮಮ್ಮನಿಗೆ ಇದು ಕಡಲೆಹಿಟ್ಟಿನ ದೋಸೆಯ ದಪ್ಪನೆ ತಂಗಿ ಅನ್ನಿಸದಿದ್ದರೆ ಕೇಳಿ. ಮಜಾ ಏನೆಂದರೆ ಈ ಕರಾವಳಿಯ ಉದ್ದಕ್ಕೂ ಕಡಲೆಹಿಟ್ಟು ನಿಮ್ಮ ಜೊತೆ ಬರುತ್ತದೆ. ನೀಸ್‌ನಲ್ಲಿ ಅದರ ಹೆಸರು ಸೊಕ್ಕಾ. ಮಾರ್ಸೇಲ್ಸ್‌ನಲ್ಲಿ ಹಿಟ್ಟನ್ನು ಕಾಯಿಸಿ, ಗಟ್ಟಿ ಮಾಡಿ, ತುಂಡರಿಸಿ ಕರಿದರೆ ಪಾನೀಸ್. ಪಾಲೆರ್ಮೋದಲ್ಲಿ ಅದೇ ತೆಳ್ಳಗೆ ಕರಿದದ್ದು ಪಾನೆಲ್ಲೆ, ಬ್ರೆಡ್ಡಿನ ಮಧ್ಯೆ ಇಟ್ಟು ಕೊಡುತ್ತಾರೆ. ಲಿವೋರ್ನೋದಲ್ಲೂ ಫರಿನಾತಾದಂಥದ್ದನ್ನೇ ಬ್ರೆಡ್ಡಿನ ಮಧ್ಯೆ ಇಟ್ಟು ಕೊಡುತ್ತಾರೆ. 1284ರಲ್ಲಿ ಜಿನೋವಾದವರು ಪೀಸಾದವರನ್ನು ಮೆಲೋರಿಯಾ ಕದನದಲ್ಲಿ ಸೋಲಿಸಿ ಬರುವಾಗ, ಬಿರುಗಾಳಿಗೆ ಹಡಗಿನಲ್ಲಿದ್ದ ಕಡಲೆಹಿಟ್ಟು ಸಮುದ್ರದ ನೀರಲ್ಲಿ ಕಲಸಿಹೋಗಿ ಫರಿನಾತಾ ಹುಟ್ಟಿತು ಅಂತ ಅಲ್ಲಿನವರು ಹೇಳುತ್ತಾರೆ. ಕದನ ನಿಜ, ಉಳಿದದ್ದು ಕಥೆ. ಕರಿದದ್ದಕ್ಕೆ ಮಾತ್ರ ಒಂದು ಎಚ್ಚರ: ಅದೇ ಎಣ್ಣೆಯಲ್ಲಿ ಮೀನನ್ನೂ ಕರಿದಿರಬಹುದು, ಕೇಳಿಯೇ ತಿನ್ನಿ. ಫರಿನಾತಾಕ್ಕೆ ಆ ಭಯವಿಲ್ಲ. ಆದರೆ ಕೆಲವು ಕಡೆ ಮೇಲೆ ಸಣ್ಣ ಮೀನು ಹಾಕುತ್ತಾರೆ, ಏನೂ ಹಾಕದ್ದನ್ನು ಕೇಳಿ.

ನೇಪಲ್ಸ್‌ನಲ್ಲಿ 'ಮರಿನಾರಾ' ಪಿಜ್ಜಾ ಕೇಳಿ. ಹೆಸರಿನಲ್ಲಿ ಸಮುದ್ರ ಇದೆ, ಮೇಲೆ ಮೀನಿಲ್ಲ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಅಷ್ಟೇ. ಚೀಸ್ ಕೂಡ ಇರುವುದಿಲ್ಲ. ಇದು ಮುಖ್ಯ, ಏಕೆಂದರೆ ಪಾರ್ಮೆಸಾನ್ ತರಹದ ಗಟ್ಟಿ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ. ಜಿನೋವಾದ ಹೆಸರಾಂತ ಸೊಪ್ಪಿನ ಚಟ್ನಿ ಪೆಸ್ಟೋದಲ್ಲೂ ಅದು ಸೇರಿರುತ್ತದೆ. ತಿನ್ನುವುದು ಬಿಡುವುದು ನಿಮಗೆ ಸೇರಿದ್ದು, ಗೊತ್ತಿರಲಿ ಅಂತ ಹೇಳಿದೆ. ಮೂರು ಇಟಾಲಿಯನ್ ಮಾತು ಬಾಯಿಪಾಠ ಮಾಡಿಕೊಳ್ಳಿ: ಸೆಂತ್ಸಾ ಕಾರ್ನೆ ಅಂದರೆ ಮಾಂಸ ಬೇಡ, ಸೆಂತ್ಸಾ ಪೆಶೆ ಅಂದರೆ ಮೀನು ಬೇಡ, ಸೆಂತ್ಸಾ ಉವೋವಾ ಅಂದರೆ ಮೊಟ್ಟೆ ಬೇಡ. 'ವೆಜಿಟೇರಿಯನ್' ಅಂದರೆ ಮೊಟ್ಟೆ ತಿನ್ನುತ್ತಾರೆ ಅಂತಲೇ ಅವರು ತಿಳಿಯುತ್ತಾರೆ. ಇನ್ನೊಂದು ತಮಾಷೆ. ಅಪ್ಪನಿಗೆ ಕಾಫಿ ಬೇಕಾದಾಗ 'ಲಾತ್ತೆ' ಅಂತ ಕೇಳಿದರೆ ಬರೀ ಒಂದು ಲೋಟ ಹಾಲು ತಂದಿಡುತ್ತಾರೆ. 'ಕಫೆ ಲಾತ್ತೆ' ಅನ್ನಿ.

ಕುಕ್ಕರ್ ಒಯ್ಯುವಂತಿಲ್ಲ. ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ, ಬಿಸಿಯಾಗುವ ಯಾವ ಸಾಮಾನೂ ಹಡಗಿನ ಕೋಣೆಯಲ್ಲಿ ಇರಬಾರದು. ಹತ್ತುವಾಗಲೇ ಸ್ಕ್ಯಾನ್ ಮಾಡಿ ತೆಗೆದಿಡುತ್ತಾರೆ. ಸಮುದ್ರದ ಮಧ್ಯೆ ಬೆಂಕಿಗಿಂತ ದೊಡ್ಡ ಭಯವಿಲ್ಲ. ಬಿಸಿನೀರು ಸುರಿದರೆ ಆಗುವ ಅವಲಕ್ಕಿ, ಉಪ್ಪಿಟ್ಟಿನ ಪ್ಯಾಕೆಟ್ಟು, ಶೇಂಗಾ ಚಟ್ನಿಪುಡಿ ಇಟ್ಟುಕೊಳ್ಳಿ. ಆದರೆ ಧಾರವಾಡ ಪೇಡಾ ಮತ್ತು ತುಪ್ಪ ಮನೆಯಲ್ಲೇ ಬಿಡಿ. ಹೊರದೇಶದಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವುದನ್ನು ಯೂರೋಪ್ ಒಕ್ಕೂಟ ನಿಷೇಧಿಸಿದೆ. ಹಡಗಿನ ಊಟಕ್ಕೆ ಬುಕಿಂಗ್ ಮಾಡುವಾಗಲೇ 'ಮೊಟ್ಟೆ ಇಲ್ಲದ ಭಾರತೀಯ ಸಸ್ಯಾಹಾರ' ಎಂದು ಬರಹದಲ್ಲಿ ತಿಳಿಸಿ. ಮೊದಲ ರಾತ್ರಿಯೇ ಊಟದ ಹಾಲ್‌ನ ಮುಖ್ಯಸ್ಥರನ್ನು ಕಂಡು ಇನ್ನೊಮ್ಮೆ ಹೇಳಿ. ಹಲವು ದೊಡ್ಡ ಹಡಗುಗಳಲ್ಲಿ ಕೇಳಿದರೆ ಅನ್ನ, ಬೇಳೆ, ಪಲ್ಯ ಮಾಡಿಕೊಡುತ್ತಾರೆ. ಸಿಬ್ಬಂದಿಯಲ್ಲಿ ಗೋವಾದವರು, ಮಂಗಳೂರು ಕಡೆಯವರು ಇರುವುದು ಅಪರೂಪವಲ್ಲ. ನನಗೊಮ್ಮೆ ಕೊಂಕಣಿ ಮಾತಾಡುವ ಹುಡುಗನೊಬ್ಬ ಅಡುಗೆಮನೆಯಿಂದ ಹಸಿಮೆಣಸು ತಂದುಕೊಟ್ಟಿದ್ದ.

ಇನ್ನು ಬಂದರುಗಳು. ನೇಪಲ್ಸ್‌ನಲ್ಲಿ ಹಡಗಿನಿಂದ ಇಳಿದರೆ ಎದುರಿಗೇ ಹಳೆಯ ಕೋಟೆ, ಅದರ ಬದಿಗೇ ಮೆಟ್ರೋ. ಎಲ್ಲರೂ ಪೊಂಪೇಗೆ ಓಡುತ್ತಾರೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಉಗುಳಿದ ಬೂದಿಯಲ್ಲಿ ಹೂತುಹೋದ ಊರು ಅದು. ನೋಡಲೇಬೇಕಾದ್ದು ಹೌದು. ಆದರೆ ಅಲ್ಲಿನ ಬೀದಿಗಳು ದೊಡ್ಡ ದೊಡ್ಡ ಉಬ್ಬುಕಲ್ಲಿನವು, ನೆರಳೂ ಕಮ್ಮಿ. ಹೋಗುವುದಾದರೆ ಆಂಫಿಥಿಯೇಟರ್ ಕಡೆಯ ಬಾಗಿಲಿನಿಂದ ಒಳಗೆ ಹೋಗಿ. ನಡೆಯಲು ಕಷ್ಟವಾಗುವವರಿಗಾಗಿ ಸಮ ಮಾಡಿದ ದಾರಿ ಅಲ್ಲಿಂದಲೇ ಶುರುವಾಗುತ್ತದೆ. ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ, ಟಿಕೆಟ್‌ನಲ್ಲಿ ಹೆಸರೂ ಇರುತ್ತದೆ, ಹಾಗಾಗಿ ಮೊದಲೇ ಕೊಳ್ಳಿ.

ನನ್ನನ್ನು ಕೇಳಿದರೆ ಪೊಂಪೇಗಿಂತ ನೇಪಲ್ಸ್‌ನ ಪುರಾತತ್ವ ಮ್ಯೂಸಿಯಂ ನಿಮಗೆ ಒಳ್ಳೆಯದು. ಬಂದರಿನ ಮುಂದಿನ ಮುನಿಚಿಪಿಯೋ ನಿಲ್ದಾಣದಿಂದ ಮೆಟ್ರೋ ಹತ್ತಿ, ಮೂರನೆಯ ನಿಲ್ದಾಣ ಮುಸೇಓದಲ್ಲಿ ಇಳಿದರೆ ಅಲ್ಲೇ ಇದೆ. ಪೊಂಪೇಯಲ್ಲಿ ಸಿಕ್ಕ ಒಳ್ಳೊಳ್ಳೆಯ ಚಿತ್ರಗಳು, ಮೊಸಾಯಿಕ್‌ಗಳು ಇಲ್ಲಿವೆ. ಜೊತೆಗೆ 1938ರಲ್ಲಿ ಪೊಂಪೇಯ ಮನೆಯೊಂದರಲ್ಲಿ ಸಿಕ್ಕ, ಭಾರತದಲ್ಲಿ ಕೆತ್ತಿದ ದಂತದ ಹೆಣ್ಣುಮೂರ್ತಿಯೂ ಇದೇ ಮ್ಯೂಸಿಯಂಗೆ ಸೇರಿದ್ದು. 'ಪೊಂಪೇ ಲಕ್ಷ್ಮಿ' ಅಂತ ಕರೆಯುತ್ತಾರೆ, ಆದರೆ ಅದು ಯಕ್ಷಿ ಇರಬೇಕು ಎನ್ನುವವರೇ ಹೆಚ್ಚು. ಎರಡು ಸಾವಿರ ವರ್ಷದ ಹಿಂದೆ ನಮ್ಮ ಕಡೆಯಿಂದ ಹಡಗಿನಲ್ಲಿ ಹೋದ ಗೊಂಬೆ. ಅದರ ಮುಂದೆ ನಾನು ಅರ್ಧ ಗಂಟೆ ನಿಂತಿದ್ದೆ. ಮಂಗಳವಾರ ಮ್ಯೂಸಿಯಂಗೆ ರಜೆ, ನಿಮ್ಮ ಹಡಗು ಯಾವ ವಾರ ನೇಪಲ್ಸ್‌ಗೆ ಬರುತ್ತದೆ ನೋಡಿಕೊಳ್ಳಿ.

ಮೆಸ್ಸಿನಾದಲ್ಲಿ ಬಸ್ಸುಗಳೆಲ್ಲ ತವೋರ್ಮಿನಾಗೆ ಹೊರಡುತ್ತವೆ. ಸುಂದರ ಜಾಗ, ಆದರೆ ಏರುಪೇರು ಜಾಸ್ತಿ. ಅಮ್ಮನ ಜೊತೆ ಊರಲ್ಲೇ ಇರಿ. 1908ರ ಡಿಸೆಂಬರ್ 28ರ ಭೂಕಂಪಕ್ಕೆ ಊರು ಬಹುಪಾಲು ನೆಲಸಮವಾಗಿತ್ತು, ಹಾಗಾಗಿ ಈಗ ಕಾಣುವುದರಲ್ಲಿ ಹೆಚ್ಚಿನದು ಆಮೇಲೆ ಕಟ್ಟಿದ್ದು. ಹಡಗುಕಟ್ಟೆಯಿಂದ ಹತ್ತು ನಿಮಿಷ ನಡೆದರೆ ದೊಡ್ಡ ಚರ್ಚು. ಅದರ ಗಂಟೆಗೋಪುರದಲ್ಲಿ 1933ರಲ್ಲಿ ಕೂರಿಸಿದ ಯಂತ್ರದ ಗಡಿಯಾರ ಇದೆ. ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಚಿನ್ನದ ಬಣ್ಣದ ಸಿಂಹ ಗರ್ಜಿಸುತ್ತದೆ, ಹುಂಜ ಕೂಗುತ್ತದೆ, ಗೊಂಬೆಗಳು ಸುತ್ತುತ್ತವೆ. ಹತ್ತು ಹನ್ನೆರಡು ನಿಮಿಷದ ಆಟ, ದುಡ್ಡಿಲ್ಲ. ಮುಗಿದ ಮೇಲೆ ನೆರಳಲ್ಲಿ ಕೂತು ನಿಂಬೆಯ ಗ್ರಾನಿತಾ (ಪುಡಿ ಐಸಿನ ತಿಂಡಿ) ತಿನ್ನಿ. ಜೊತೆಗೆ ಕೊಡುವ ಬನ್ನಿನಲ್ಲಿ ಮೊಟ್ಟೆ ಇರುತ್ತದೆ, ಬೇಡ ಅನ್ನಿ.

ಮಾಲ್ಟಾ ದೇಶದ ವ್ಯಾಲೆಟ್ಟಾಗೆ ಹಡಗು ಬರುವ ಹೊತ್ತಿಗೆ ಮಾತ್ರ ಮಲಗಿರಬೇಡಿ. ಹಿಂದಿನ ರಾತ್ರಿಯೇ ಸಮಯ ಕೇಳಿಟ್ಟುಕೊಂಡು, ಅರ್ಧ ಗಂಟೆ ಮೊದಲೇ ಶಾಲು ಹೊದ್ದು ಡೆಕ್‌ಗೆ ಬನ್ನಿ. ಎರಡೂ ಬದಿ ಜೇನುಬಣ್ಣದ ಕಲ್ಲುಕೋಟೆ, ಮಧ್ಯದಲ್ಲಿ ನಿಮ್ಮ ಹಡಗು ನಿಧಾನಕ್ಕೆ ಒಳಗೆ ಬರುತ್ತದೆ. ನಾನು ಕಂಡ ಬಂದರುಗಳಲ್ಲಿ ಇದಕ್ಕೆ ಸಾಟಿ ಇಲ್ಲ. 1565ರಲ್ಲಿ ಒಟ್ಟೋಮನ್ ತುರ್ಕರ ಮುತ್ತಿಗೆಯನ್ನು ತಡೆದ ಮೇಲೆ, ಮರುವರ್ಷವೇ ಈ ಊರು ಕಟ್ಟಲು ಶುರುಮಾಡಿದರು. ಊರು ಗುಡ್ಡದ ಮೇಲಿದೆ, ಆದರೆ ಹೆದರಬೇಡಿ. ಕಟ್ಟೆಯಿಂದ ಸ್ವಲ್ಪ ದೂರದಲ್ಲೇ 58 ಮೀಟರ್ ಎತ್ತರದ ಲಿಫ್ಟ್ ಇದೆ. ಹತ್ತಿದರೆ ನೇರ ಮೇಲಿನ ತೋಟದಲ್ಲಿ ಇರುತ್ತೀರಿ. ಮಧ್ಯಾಹ್ನ ಹನ್ನೆರಡಕ್ಕೆ ಅದರ ಕೆಳಗಿನ ಕಟ್ಟೆಯಿಂದ ತೋಪು ಹಾರಿಸುತ್ತಾರೆ. ಅಲ್ಲಿಂದ ಸಂತ ಜಾನ್ ಚರ್ಚಿಗೆ ಹತ್ತಿರ. ಒಳಗೆ ಇಟಲಿಯ ಚಿತ್ರಕಾರ ಕಾರಾವಾಜ್ಜೋ 1608ರಲ್ಲಿ ಬಿಡಿಸಿದ ದೊಡ್ಡ ಚಿತ್ರವಿದೆ. ನೆಲದ ತುಂಬ ಬಣ್ಣದ ಅಮೃತಶಿಲೆಯ ಸಮಾಧಿಕಲ್ಲುಗಳು. ಮಾಲ್ಟಾದಲ್ಲಿ ಇಂಗ್ಲಿಷ್ ನಡೆಯುತ್ತದೆ, ಗಾಡಿಗಳೂ ನಮ್ಮ ಹಾಗೆ ಎಡಕ್ಕೇ ಓಡುತ್ತವೆ. ಅಪ್ಪ ಒಬ್ಬರೇ ಸುತ್ತಾಡಿ ಬರ್ತೀನಿ ಅಂದರೆ ಬಿಡಬಹುದಾದ ಊರು ಇದೇ.

ಬಾರ್ಸಿಲೋನಾದಲ್ಲಿ ಒಂದೇ ಒಂದು ಜಾಗ ಇಟ್ಟುಕೊಳ್ಳಿ: ಸಗ್ರಾದಾ ಫಮಿಲಿಯಾ. 1882ರಲ್ಲಿ ಕಟ್ಟಲು ಶುರುವಾದ ಚರ್ಚು. ಗಂಟೆವಾರು ಟಿಕೆಟ್ ಮೊದಲೇ ತೆಗೆದು, ಬಂದರಿನಿಂದ ನೇರ ಟ್ಯಾಕ್ಸಿ ಹಿಡಿಯಿರಿ. ರಾಂಬ್ಲಾ ಬೀದಿಯಲ್ಲಿ ಜೇಬುಗಳ್ಳರಿದ್ದಾರೆ. ಹಡಗಿನಿಂದ ಸುರಿಯುವ ಜನಸಂದಣಿಗೆ ಅಲ್ಲಿನವರು ಬೇಸತ್ತಿದ್ದಾರೆ. 2030ರೊಳಗೆ ಕ್ರೂಸ್ ಟರ್ಮಿನಲ್‌ಗಳನ್ನು ಏಳರಿಂದ ಐದಕ್ಕೆ ಇಳಿಸಲು 2025ರಲ್ಲಿ ಒಪ್ಪಂದವೂ ಆಯಿತು. ಅವರ ಸಿಟ್ಟು ನ್ಯಾಯವಾದದ್ದೇ ಅಂತ ನನಗನ್ನಿಸುತ್ತದೆ.

ಮಾರ್ಸೇಲ್ಸ್‌ನ ಟರ್ಮಿನಲ್ ಮಾತ್ರ ಊರಿಂದ ದೂರ, ಹಳೆಯ ಬಂದರಿಗೆ ಬಸ್ಸು ಅಥವಾ ಟ್ಯಾಕ್ಸಿ ಬೇಕು. 1910ರ ಜುಲೈ 8ರಂದು ಸಾವರ್ಕರ್ ಹಡಗಿನ ಕಿಂಡಿಯಿಂದ ನೀರಿಗೆ ಜಿಗಿದದ್ದು ಇದೇ ಊರಿನ ಬಂದರಿನಲ್ಲಿ. ಹಳೆಯ ಬಂದರಿನಿಂದ ಗುಡ್ಡದ ಮೇಲಿನ ಚರ್ಚಿಗೆ ಪುಟ್ಟ ರೈಲಿನಂಥ ಗಾಡಿ ಓಡುತ್ತದೆ. ಈ ಭಾಗದ ಸಮುದ್ರದಲ್ಲಿ ಮಿಸ್ತ್ರಾಲ್ ಎಂಬ ಗಾಳಿ ಬೀಸಿದರೆ ಹಡಗು ಓಲಾಡುತ್ತದೆ. ಆದ್ದರಿಂದ ಕೋಣೆ ಆರಿಸುವಾಗ ತೀರಾ ಮೇಲಿನ ಡೆಕ್ ಬೇಡ. ಹಡಗಿನ ನಡುಭಾಗದಲ್ಲಿ, ಲಿಫ್ಟಿಗೆ ಹತ್ತಿರ ಇರುವುದನ್ನು ಕೇಳಿ. ವಾಂತಿ ತಡೆಯುವ ಮಾತ್ರೆಯನ್ನು ನಿಮ್ಮ ವೈದ್ಯರನ್ನೇ ಕೇಳಿ ಒಯ್ಯಿರಿ, ಏಕೆಂದರೆ ಅಪ್ಪ ಅಮ್ಮ ಬೇರೆ ಮಾತ್ರೆಗಳನ್ನೂ ತಗೊಳ್ತಿರಬಹುದು.

ವೀಸಾ ಇಟಲಿಯದು ಮಾಡಿಸಿ. ಎಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು ಅನ್ನುವುದು ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪು) ನಿಯಮ, ನಿಮ್ಮ ದಾರಿಯಲ್ಲಿ ಅದು ಇಟಲಿಯೇ. ಇಟಲಿ, ಮಾಲ್ಟಾ, ಸ್ಪೇನ್, ಫ್ರಾನ್ಸ್ ನಾಲ್ಕೂ ಷೆಂಗೆನ್ ಒಳಗೇ ಇವೆ. ಟ್ಯುನೀಸಿಯಾ, ಟರ್ಕಿ, ಮಾಂಟೆನೆಗ್ರೋ ಇರುವ ಹಡಗಾದರೆ ಮಾತ್ರ ಹಲವು ಬಾರಿ ಪ್ರವೇಶಿಸುವ ವೀಸಾ ಬೇಕು. ಇಲ್ಲದಿದ್ದರೆ ಮಧ್ಯದಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಶುಲ್ಕ ದೊಡ್ಡವರಿಗೆ 90 ಯೂರೋ. ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. 30,000 ಯೂರೋ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಮೇ ತಿಂಗಳಿಗೆ ನೂಕುನುಗ್ಗಲು ಇರುತ್ತದೆ, ತಡ ಮಾಡಬೇಡಿ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು, ಫೋಟೋ ತೆಗೆಯುವ ಹೊಸ ವ್ಯವಸ್ಥೆಯೂ ಬಂದಿದೆ. ಮಿಲಾನ್ ವಿಮಾನ ನಿಲ್ದಾಣದಲ್ಲಿ ಸರದಿ ಉದ್ದ ಇದ್ದರೆ ಗಾಬರಿಯಾಗಬೇಡಿ.

ಹೇಳಿದ ದರದ ಮೇಲೆ ಹಡಗಿನ ಸೇವಾಶುಲ್ಕ ಇರುತ್ತದೆ, ಒಬ್ಬರಿಗೆ ದಿನಕ್ಕೆ ಇಷ್ಟು ಅಂತ. ಅದು ಪ್ಯಾಕೇಜಿನಲ್ಲಿ ಸೇರಿದೆಯೋ ಇಲ್ಲವೋ ಕೇಳಿ. ಫೋನನ್ನು ಹಡಗಿನಲ್ಲಿ ಏರೋಪ್ಲೇನ್ ಮೋಡ್‌ನಲ್ಲೇ ಇಡಿ. ಸಮುದ್ರದ ಮಧ್ಯೆ ಹಡಗಿನ ಸಿಗ್ನಲ್ ಹಿಡಿದರೆ ಬಿಲ್ಲು ನೋಡಿ ಅಳಬೇಕಾಗುತ್ತದೆ.

ಕೊನೆಗೆ ಅಮ್ಮನ ಕಾಲಿನ ವಿಷಯ. ಹಡಗಿನ ಗಾಲಿಕುರ್ಚಿ ಸಾಮಾನ್ಯವಾಗಿ ಹತ್ತಿಸಲು, ಇಳಿಸಲು ಮಾತ್ರ. ಊರೊಳಗೆ ಒಯ್ಯಲು ಕೊಡುವುದಿಲ್ಲ. ಮಡಚಿದರೆ ಕೋಲು, ಬಿಚ್ಚಿದರೆ ಕೂರುವ ಸ್ಟೂಲ್ ಆಗುವಂಥದ್ದು ಸಿಗುತ್ತದೆ. ಈಗಲೇ ಒಂದು ತರಿಸಿ, ಸಂಜೆ ಉಣಕಲ್ ಕೆರೆಯ ದಂಡೆಯಲ್ಲಿ ಅದನ್ನು ಹಿಡಿದು ನಡೆಯುವ ರೂಢಿ ಮಾಡಿಸಿ. ಅಲ್ಲಿ ನಿಲ್ಲದೆ ಎಷ್ಟು ಹೊತ್ತು ನಡೆಯುತ್ತಾರೋ, ಬಂದರಿನಲ್ಲಿ ಅದರ ಅರ್ಧದಷ್ಟು ನಡಿಗೆ ಮಾತ್ರ ಇಟ್ಟುಕೊಳ್ಳಿ.